ಕಾಮಾಲೆ

ಕಣ್ಣು ಹಳದಿಯಾದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹಿರಿಯರು ‘ಅರಿಶಿನ ಕಾಮಾಲೆ’ ಎಂದು ತೀರ್ಮಾನಿಸಿಬಿಡುತ್ತಾರೆ; ಕೆಲವರಿಗೆ ಅದು ‘ಅರಿಶಿನ ಮುಂಡಿಗೆ’. ಹೆಸರಿನ ಬೆನ್ನಿಗೇ ನೆಲನೆಲ್ಲಿ, ಮಜ್ಜಿಗೆ, ಪಥ್ಯ. ಹಳದಿಗೆಲ್ಲ ಒಂದೇ ಮೂಲ ಎಂಬ ನಂಬಿಕೆ ಈ ಪದದೊಳಗೆ ಕೂತುಬಿಟ್ಟಿದೆ.

ಹಿಂದೆ ಹಾಗಿರಲಿಲ್ಲ. ಸಂಸ್ಕೃತದ ‘ಕಾಮಲಾ’ ನಮ್ಮಲ್ಲಿ ಕಾಮಾಲೆಯಾಯಿತು, ಉತ್ತರ ಕರ್ನಾಟಕದಲ್ಲಿ ಕಾಮಣಿ. ಚರಕಸಂಹಿತೆ ಪಾಂಡುರೋಗದ ಅಧ್ಯಾಯದಲ್ಲಿ ಕಾಮಲೆಯ ಒಂದು ಬಗೆಯನ್ನು ಬೇರೆಯಾಗಿಯೇ ನಿಲ್ಲಿಸುತ್ತದೆ: ಕಫ ಅಡ್ಡಬಂದು ಪಿತ್ತದ ದಾರಿ ಮುಚ್ಚಿದರೆ ಮೈ ಹಳದಿ, ಮಲ ಮಾತ್ರ ಅರೆದ ಎಳ್ಳಿನಂತೆ ಬೆಳ್ಳಗೆ. ವೈದ್ಯರು ಅದನ್ನು ‘ರುದ್ಧಪಥ ಕಾಮಲಾ’ ಎಂದು ಕರೆದರು. ಮಲಕ್ಕೆ ಬಣ್ಣ ಕೊಡುವುದು ಪಿತ್ತರಸ. ಅದು ಕರುಳಿಗೆ ಇಳಿಯದಿದ್ದರೆ ರಕ್ತಕ್ಕೆ ಸೇರುತ್ತದೆ, ಮೈಯೆಲ್ಲ ತುರಿಸುತ್ತದೆ. ಎಷ್ಟು ಸೂಕ್ಷ್ಮವಾಗಿ ನೋಡಿದ ಕಣ್ಣುಗಳವು! ಕನ್ನಡಕ್ಕೆ ಬರುವಾಗ ‘ಕಾಮಾಲೆ’ ಉಳಿಯಿತು, ‘ರುದ್ಧಪಥ’ ಗ್ರಂಥದಲ್ಲೇ ಉಳಿಯಿತು. ನನಗೆ ಸಂಕಟವಾಗುವುದು ಇಲ್ಲಿಯೇ. ವಯಸ್ಸಾದವರಲ್ಲಿ ನೋವಿಲ್ಲದೆ ಏರುವ ಕಾಮಾಲೆಯ ಹಿಂದೆ ಪಿತ್ತದ ದಾರಿ ಮುಚ್ಚಿದ ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಕ್ಯಾನ್ಸರ್ ಇರಬಹುದು. ಸೊಪ್ಪಿನ ರಸ ಕುಡಿಯುತ್ತ ತಿಂಗಳು ಕಳೆಯುವ ಕಾಯಿಲೆಯಲ್ಲ ಅದು.

ಈ ಕಾಯಿಲೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋದವರು ಹೊತ್ತು ತರುವ ಪದ ‘ಸ್ಟೆಂಟ್’. ನಮ್ಮಲ್ಲಿ ಅದು ಹೃದಯದ್ದೆಂದೇ ಪರಿಚಿತ. ಮೂಲದಲ್ಲಿ ಅದೊಂದು ಮನೆತನದ ಹೆಸರು: ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ 1856ರಲ್ಲಿ ಹಲ್ಲಿನ ಅಚ್ಚು ತೆಗೆಯಲು ಒಂದು ಮಿಶ್ರಣ ಮಾಡಿದ. ಮೊದಲ ಮಹಾಯುದ್ಧದಲ್ಲಿ ಚರ್ಮದ ಕಸಿಗೆ ಅದೇ ಆಧಾರವಾಯಿತು. ಕ್ರಮೇಣ ಒಳಗಿನಿಂದ ಎತ್ತಿಹಿಡಿಯುವ ಯಾವುದಕ್ಕೂ ಆ ಹೆಸರು ಅಂಟಿತು. 1979ರಲ್ಲಿ ಹ್ಯಾಂಬರ್ಗ್‌ನಲ್ಲಿ ವೈದ್ಯ ನಿಬ್ ಸೊಹೇಂದ್ರ ಎಂಡೋಸ್ಕೋಪಿನ ಮೂಲಕ ಪಿತ್ತನಾಳಕ್ಕೆ ಪ್ಲಾಸ್ಟಿಕ್ ನಳಿಕೆ ಇಳಿಸಿದರು.

ಅಬ್ಬಿಯ ನೀರನ್ನು ಅಡಿಕೆ ದಂಬೆಯಲ್ಲಿ ಹಿತ್ತಿಲಿಗೆ ತಂದವರಿಗೆ ಈ ನಳಿಕೆಯ ಕೆಲಸವನ್ನು ಬಿಡಿಸಿ ಹೇಳಬೇಕಿಲ್ಲ. ನಳಿಕೆ ಗಡ್ಡೆಯನ್ನು ಕರಗಿಸುವುದಿಲ್ಲ. ಪಿತ್ತಕ್ಕೆ ದಾರಿ ಮಾಡಿಕೊಡುತ್ತದೆ. ತುರಿಕೆ ಇಳಿದು ರಾತ್ರಿ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಕಿಮೊ ತಡೆದುಕೊಳ್ಳುವ ತ್ರಾಣ ಬರಬಹುದು. ಪ್ಲಾಸ್ಟಿಕ್‌ನದು ಸುಮಾರು 3 ತಿಂಗಳಿಗೆ ಮುಚ್ಚಿಕೊಳ್ಳುತ್ತದೆ, ಲೋಹದ ಜಾಲರಿ ಹೆಚ್ಚು ಬಾಳುತ್ತದೆ. ಚಳಿಜ್ವರ ಬಂದು ಕಣ್ಣು ಮತ್ತೆ ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ಆಗ ಮನೆಯವರು ಫೋನಿನಲ್ಲಿ ಹೇಳುವುದು, ‘ಪೈಪು ಕಟ್ಟಿಕೊಂಡಿದೆ’ ಎಂದು. ರುದ್ಧಪಥಕ್ಕೆ ಕನ್ನಡ ಸಿಕ್ಕಿದ್ದು ಅಲ್ಲಿ.