ಸೆರೆಸ್ ಮತ್ತು ಪ್ಲೂಟೋ: ಗ್ರಹಪದವಿಯ ಇತಿಹಾಸದಲ್ಲಿ ಒಂದು ನಿದರ್ಶನದ ಪರಿಶೀಲನೆ

2006ನೆಯ ಇಸವಿ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸಮಾವೇಶಗೊಂಡಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಗ್ರಹವೆಂಬ ಶಬ್ದಕ್ಕೆ ಲಕ್ಷಣವನ್ನು ನಿರ್ಣಯಿಸಿ, ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ಹೊರಗಿಟ್ಟಿತು. ಇದನ್ನು ಸಮರ್ಥಿಸುವವರು ಇತಿಹಾಸದಿಂದ ನಿದರ್ಶನವೊಂದನ್ನು ಮುಂದಿಡುವುದುಂಟು: ಸೆರೆಸ್ ಸಹ ಹಿಂದೆ ಗ್ರಹವೆನಿಸಿದ್ದು, ಸಂಗಾತಿಗಳು ಹೆಚ್ಚಾದೊಡನೆ ಆ ಪದವಿಯನ್ನು ಕಳೆದುಕೊಂಡಿತು, ಪ್ಲೂಟೋವಿಗೆ ಒದಗಿದುದೂ ಅದೇ ಗತಿ. ಆಕಾಶಕಾಯಗಳ ಗುಣಧರ್ಮಗಳು ಖಗೋಳಜ್ಞರ ವಿಚಾರ. ಆದರೆ ನಿದರ್ಶನವು ಇತಿಹಾಸಕಾರನ ಪರೀಕ್ಷೆಗೆ ಒಳಪಡತಕ್ಕದ್ದು.

ಈ ಶಬ್ದದ ಅರ್ಥ ಎಂದೂ ಸ್ಥಿರವಾಗಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ನಮ್ಮ ನವಗ್ರಹಗಳಲ್ಲಿ ಸೂರ್ಯಚಂದ್ರರೂ ರಾಹುಕೇತುಗಳೂ ಇದ್ದಾರೆ, ಭೂಮಿಯಿಲ್ಲ. ಯೂರೋಪಿನಲ್ಲಿ 1543ರಲ್ಲಿ ಕೋಪರ್ನಿಕಸನ ಗ್ರಂಥವು ಭೂಮಿಯನ್ನು ಗ್ರಹವಾಗಿಸಿತು. 1610ರಲ್ಲಿ ಗೆಲಿಲಿಯೋ ಗುರುವಿನ ಉಪಗ್ರಹಗಳನ್ನು ಸಹ ಗ್ರಹಗಳೆಂದೇ ಕರೆದನು.

1801ನೆಯ ಇಸವಿ ಜನವರಿ 1ರ ರಾತ್ರಿ ಪಲೆರ್ಮೋ ನಗರದಲ್ಲಿ ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಪಿಯಾಟ್ಸಿಗೆ ಸೆರೆಸ್ ಕಾಣಿಸಿತು. ಅವನು ಬಹಿರಂಗವಾಗಿ ಅದನ್ನು ಧೂಮಕೇತುವೆಂದನು. ಮಿತ್ರನಿಗೆ ಬರೆದ ಪತ್ರದಲ್ಲಿ ಮಾತ್ರ ಅದಕ್ಕಿಂತ ಹಿರಿದಾದುದು ಇರಬಹುದೆಂದು ಸೂಚಿಸಿದನು. ಸೂರ್ಯನ ಬೆಳಕಿನಲ್ಲಿ ಮರೆಯಾದ ಆ ಕಾಯದ ಕಕ್ಷೆಯನ್ನು ಇಪ್ಪತ್ತನಾಲ್ಕು ವರ್ಷದ ಗೌಸನು ಗಣಿಸಲು, ಅದೇ ವರ್ಷದ ಕೊನೆಯ ದಿನ ಅದು ಮತ್ತೆ ದೊರೆಯಿತು. ಮಂಗಳ ಗುರುಗಳ ನಡುವೆ ಗ್ರಹವೊಂದಿರಬೇಕೆಂಬ ನಿರೀಕ್ಷೆ ಮೊದಲೇ ಇದ್ದುದರಿಂದ ಅದರ ಗ್ರಹತ್ವವನ್ನು ಯಾರೂ ಅಷ್ಟಾಗಿ ಪ್ರಶ್ನಿಸಲಿಲ್ಲ. ಆದರೆ 1802ರ ಮಾರ್ಚಿಯಲ್ಲಿ ಓಲ್ಬರ್ಸನು ಪಲ್ಲಾಸನ್ನು ಕಂಡನು. ಒಂದು ಸ್ಥಾನಕ್ಕೆ ಇಬ್ಬರು! ಇವೆರಡಕ್ಕೂ ಆಸ್ಟರಾಯ್ಡ್ ಎಂಬ ಹೊಸ ಹೆಸರನ್ನು ಹರ್ಷೆಲನು ಆ ವರ್ಷವೇ ಸೂಚಿಸಿದರೂ ಅದು ಕೂಡಲೆ ಮನ್ನಣೆ ಪಡೆಯಲಿಲ್ಲ. 1804ರಲ್ಲಿ ಜೂನೋ, 1807ರಲ್ಲಿ ವೆಸ್ಟಾ ಬಂದು ಸೇರಿದವು. ನಾಲ್ಕೂ ಸುಮಾರು ನಾಲ್ವತ್ತು ವರ್ಷ ಗ್ರಹಗಳ ಸಾಲಿನಲ್ಲಿಯೇ ಉಳಿದವು.

1845ರಲ್ಲಿ, ಹಿಂದೆ ಅಂಚೆಯ ನೌಕರನಾಗಿದ್ದ ಹೆಂಕೆಯು ಐದನೆಯದಾದ ಆಸ್ಟ್ರೇಯವನ್ನು ಕಂಡುಹಿಡಿದನು. 1851ರ ಕೊನೆಗೆ ಸಂಖ್ಯೆ ಹದಿನೈದಾಯಿತು. 1868ರಲ್ಲಿ ನೂರನ್ನು ದಾಟಿತು. ಪ್ರತಿಯೊಂದಕ್ಕೂ ಹೊಸ ಚಿಹ್ನೆಯನ್ನು ರಚಿಸುವುದು ದುಸ್ಸಾಧ್ಯವಾಗಲು, ಬರ್ಲಿನ್ ಪಂಚಾಂಗದ ಸಂಪಾದಕ ಎಂಕೆಯು 1851ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ವೃತ್ತದೊಳಗಿನ ಅಂಕಿಗಳನ್ನು ಬಳಸಿದನು. ಆಗಲೂ ಹಳೆಯ ನಾಲ್ಕರ ಚಿಹ್ನೆಗಳನ್ನು ಅವನು ಕೈಬಿಡಲಿಲ್ಲ. ಎಣಿಕೆ ಆಸ್ಟ್ರೇಯದಿಂದ ಆರಂಭವಾಯಿತು. ಸೆರೆಸ್‌ಗೆ 1 ಎಂಬ ಅಂಕಿ ಬಂದುದು ಅನಂತರ. ಸಭೆಯಿಲ್ಲ, ಮತದಾನವಿಲ್ಲ, ಅಚ್ಚಿನ ಅನುಕೂಲಕ್ಕಾಗಿ ಪಟ್ಟಿ ಬೇರೆಯಾಯಿತು, ಅಷ್ಟೆ.

ಪಟ್ಟಿ ಬೇರೆಯಾದುದರಿಂದ ಪದವಿಯೂ ಹೋಯಿತೆನ್ನಬಹುದೆ? ಮೆಟ್ಸ್‌ಗರ್ ಮತ್ತು ಅವರ ಸಹೋದ್ಯೋಗಿಗಳು 2019ರ ಪ್ರಬಂಧವೊಂದರಲ್ಲಿ ಇದನ್ನು ಅಲ್ಲಗಳೆದಿದ್ದಾರೆ. ಅವರ ಪ್ರಕಾರ 1950ರ ದಶಕದವರೆಗೂ ವಿಜ್ಞಾನದ ಬರಹಗಳಲ್ಲಿ ಈ ಕಾಯಗಳು ಗ್ರಹಗಳೆಂದೇ ನಿರ್ದಿಷ್ಟವಾಗಿದ್ದವು. ಅವುಗಳ ಉತ್ಪತ್ತಿ ಹಾಗೂ ಭೌತಸ್ವರೂಪದ ವಿಚಾರವೇ ಮುಂದೆ ಅವನ್ನು ಬೇರ್ಪಡಿಸಿತು. ಈ ವಾದವು ಬಹುಮಟ್ಟಿಗೆ ಗ್ರಾಹ್ಯ. ಆದರೆ ಹಿರಿಯ ಗ್ರಹಗಳು ಎಂಟೆಂಬ ಎಣಿಕೆಯೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಯಲ್ಲಿತ್ತೆಂಬುದನ್ನು ಮರೆಯಲಾಗದು. ಎರಡು ಎಣಿಕೆಗಳು ಜಗಳವಿಲ್ಲದೆ ಜೊತೆಯಾಗಿ ನಡೆದವೆಂಬುದೇ ಸರಿಯೆಂದು ನನಗೆ ತೋರುತ್ತದೆ.

ಪ್ಲೂಟೋವಿಗೆ ಈ ಸೌಕರ್ಯ ದೊರೆಯಲಿಲ್ಲ. 1930ರಲ್ಲಿ ಟಾಂಬೋ ಅದನ್ನು ಕಂಡಾಗ ಅದು ಭೂಮಿಯಷ್ಟೇ ತೂಕದ್ದಿರಬಹುದೆಂಬ ಊಹೆಯಿತ್ತು. 1978ರಲ್ಲಿ ಅದರ ಉಪಗ್ರಹ ಕ್ಯಾರನ್ ಪತ್ತೆಯಾಗಲು, ಭೂಮಿಯ ಸುಮಾರು ಐನೂರರಲ್ಲಿ ಒಂದು ಪಾಲೆಂದು ತಿಳಿಯಿತು. 1992ರಿಂದ ಅದರ ಸುತ್ತಲಿನ ವಲಯದಲ್ಲಿ ಇತರ ಕಾಯಗಳು ದೊರೆಯತೊಡಗಿದವು. 2005ರಲ್ಲಿ ಬ್ರೌನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಎರಿಸ್, ಪ್ಲೂಟೋಗಿಂತ ದೊಡ್ಡದೆಂದು ಆಗ ಎಣಿಸಲಾಗಿತ್ತು. (2015ರ ಅಳತೆಯಿಂದ ಪ್ಲೂಟೋವಿನ ವ್ಯಾಸವೇ ತುಸು ಹೆಚ್ಚೆಂದು ತಿಳಿದುಬಂದಿತು, ತೂಕದಲ್ಲಿ ಎರಿಸ್ ಕಾಲು ಭಾಗಕ್ಕೂ ಮಿಗಿಲಾಗಿ ಮುಂದಿದೆ.) ಎರಿಸ್‌ಗೆ ಹೆಸರಿಡುವ ಅಧಿಕಾರ ಯಾವ ಸಮಿತಿಯದು ಎಂಬುದು ಅದು ಗ್ರಹವೇ ಅಲ್ಲವೇ ಎಂಬುದನ್ನು ಅವಲಂಬಿಸಿತ್ತು. ಒಂದೆಡೆ ಅಚ್ಚಿನ ಚಿಹ್ನೆ, ಮತ್ತೊಂದೆಡೆ ನಾಮಕರಣದ ನಿಯಮ: ಎರಡು ಪ್ರಸಂಗಗಳಿಗೂ ನಿಜವಾಗಿ ಸಾಮ್ಯವಿರುವುದು ಇಲ್ಲಿ.

ವಿಧಾನದಲ್ಲಿ ಸಾಮ್ಯವಿಲ್ಲ. ಪ್ರಾಗ್‌ನಲ್ಲಿ ಮೊದಲು ಮಂಡಿತವಾದ ಕರಡು ಸೆರೆಸ್, ಕ್ಯಾರನ್, ಎರಿಸ್‌ಗಳನ್ನೂ ಸೇರಿಸಿ ಹನ್ನೆರಡು ಗ್ರಹಗಳನ್ನು ಒಪ್ಪುತ್ತಿತ್ತು. ಕೆಲವೇ ದಿನಗಳಲ್ಲಿ ಅದು ಬಿದ್ದುಹೋಗಿ, ಗ್ರಹವು ತನ್ನ ಕಕ್ಷೆಯ ನೆರೆಯನ್ನು ತೆರವುಗೊಳಿಸಿರಬೇಕೆಂಬ ನಿಬಂಧನೆ ಸೇರಿತು. ಸಾವಿರಾರು ಸದಸ್ಯರ ಒಕ್ಕೂಟದಲ್ಲಿ ಮತವಿತ್ತವರು ಕೆಲವು ನೂರು ಮಂದಿ. ಕುಬ್ಜಗ್ರಹವೆಂಬ ಹೊಸ ವರ್ಗವನ್ನು ಕಲ್ಪಿಸಿ, ಅದು ಗ್ರಹವಲ್ಲವೆಂದೂ ಸಾರಲಾಯಿತು. ಕುಬ್ಜನಾದವನು ಮನುಷ್ಯನಲ್ಲವೆ ಎಂದು ಕನ್ನಡ ಓದುಗನು ಕೇಳಿದರೆ ಉತ್ತರ ಹೇಳುವುದು ಕಷ್ಟ. ಹತ್ತೊಂಬತ್ತನೆಯ ಶತಮಾನದವರು ಬಳಕೆಗೆ ಬಿಟ್ಟಿದ್ದುದನ್ನು ಇಪ್ಪತ್ತೊಂದನೆಯ ಶತಮಾನದವರು ನಿರ್ಣಯದಿಂದ ಮುಗಿಸಲೆಳಸಿದರು. ಸೆರೆಸ್‌ನ ನಿದರ್ಶನವು ಆ ನಿರ್ಣಯದ ವಿಷಯಕ್ಕೆ ಸ್ವಲ್ಪ ಆಧಾರವಾದೀತು, ರೀತಿಗೆ ಆಗಲಾರದು. ಅದೇ ಸೆಪ್ಟೆಂಬರಿನಲ್ಲಿ ಎರಿಸ್‌ಗೆ ಹೆಸರು ದೊರೆಯಿತು. ಪ್ಲೂಟೋವಿಗೆ ದೊರೆತುದು 134340 ಎಂಬ ಸಂಖ್ಯೆ.