ಪಕ್ಷದ ಕಚೇರಿಯಲ್ಲಿ ಷೇರುಪೇಟೆ, ಪೇಟೆಗೊಂದು ದಿನಪತ್ರಿಕೆ

ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿಯೊಳಗೆ ಷೇರುಪೇಟೆ! ಸಿನಿಮಾದಲ್ಲಿ ಯಾರಾದರೂ ಈ ದೃಶ್ಯ ಇಟ್ಟಿದ್ದರೆ ‘ಇದು ಸ್ವಲ್ಪ ಜಾಸ್ತಿ ಆಯ್ತು ಗುರೂ’ ಅಂತಿದ್ವಿ. ಆದರೆ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ನಡೆದದ್ದು ಅದೇ.

1991ರ ಏಪ್ರಿಲ್ 16, ಮಂಗಳವಾರ. ಮೊನ್ನೆ ಮೊನ್ನೆಯವರೆಗೆ ಪಾಲಿಟ್‌ಬ್ಯೂರೋ ದರ್ಬಾರು ನಡೆಸುತ್ತಿದ್ದ ಕಟ್ಟಡದಲ್ಲಿ ಕೆಂಪು ಸಸ್ಪೆಂಡರ್ ತೊಟ್ಟ ಬ್ರೋಕರ್‌ಗಳು ಬಂದು ಕೂತರು. ಹೌದು, ಬಣ್ಣ ಕೆಂಪೇ. ಪಟ್ಟಿಯಲ್ಲಿದ್ದದ್ದು ಐದೇ ಐದು ಕಂಪನಿಗಳು: ಸ್ಪೀಕರ್ ಮಾಡುವ ಟಾನ್ಸಿಲ್, ಕೋಟು ಹೊಲಿಯುವ ಪ್ರುಖ್ನಿಕ್, ಗಾಜಿನ ಕ್ರೊಸ್ನೊ, ಸಿಲೇಸಿಯಾದ ಒಂದು ಕೇಬಲ್ ಕಾರ್ಖಾನೆ, ಕಟ್ಟಡ ಕಟ್ಟುವ ಎಕ್ಸ್‌ಬುಡ್. ಬಂದ ಆರ್ಡರ್ 112. ಇಡೀ ದಿನದ ವಹಿವಾಟು ಎರಡು ಸಾವಿರ ಡಾಲರ್ ಆಸುಪಾಸು. ನಮ್ಮ ಚಿಕ್ಕಪೇಟೆಯ ಒಂದು ಸೀರೆ ಅಂಗಡಿ ಮದುವೆ ಸೀಸನ್‌ನಲ್ಲಿ ಇದಕ್ಕಿಂತ ಹೆಚ್ಚು ವ್ಯಾಪಾರ ಮಾಡೀತು ಬಿಡಿ.

ನಗಬೇಡಿ, ಆ ಕಟ್ಟಡದ ಇತಿಹಾಸ ನೆನಪಿಸಿಕೊಳ್ಳಿ. ಮಾಂಸಕ್ಕೆಷ್ಟು, ಸಕ್ಕರೆಗೆಷ್ಟು ಎಂಬ ತೀರ್ಮಾನ ಪಕ್ಷದ ಕೈಯಲ್ಲಿತ್ತು. 1970ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹತ್ತಿರ ಇರುವಾಗ ಆಹಾರದ ಬೆಲೆ ಏರಿಸಿದರು. ಬಾಲ್ಟಿಕ್ ತೀರದ ಹಡಗು ಕಾರ್ಮಿಕರು ಬೀದಿಗಿಳಿದರು. ಗುಂಡು ಹಾರಿತು, ಹತ್ತಾರು ಜನ ಸತ್ತರು, ಪಕ್ಷದ ನಾಯಕ ಗೊಮುಲ್ಕಾ ಕುರ್ಚಿ ಕಳೆದುಕೊಂಡ. ಬೆಲೆ ಅನ್ನೋದು ಮೇಲಿನಿಂದ ಬರುವ ಆಜ್ಞೆಯಾಗಿದ್ದ ಜಾಗದಲ್ಲೇ ಈಗ ಬೆಲೆಯನ್ನು ಹುಡುಕಬೇಕಿತ್ತು.

ಹುಡುಕೋದು ಹೇಗೆ? ಮಾದರಿ ಸಿಕ್ಕಿದ್ದು ಫ್ರಾನ್ಸಿನ ಲಿಯಾನ್‌ನಿಂದ. ಕೊಳ್ಳುವವರ, ಮಾರುವವರ ಆರ್ಡರ್‌ಗಳನ್ನೆಲ್ಲ ಒಟ್ಟುಹಾಕಿ, ಅತಿ ಹೆಚ್ಚು ಷೇರು ಕೈಬದಲಾಗುವ ಒಂದೇ ಒಂದು ಬೆಲೆ ನಿಗದಿ. ಶುರುವಿನಲ್ಲಿ ವಾರಕ್ಕೊಂದೇ ದಿನ. ಎಂಜಿನಿಯರಿಂಗ್ ಓದಿದವರಿಗೆ ಇದು ತಟ್ಟಂತ ಅರ್ಥ ಆಗುತ್ತೆ, ಇದು ಶುದ್ಧ ಲೆಕ್ಕ. ಆದರೆ ಲೆಕ್ಕಕ್ಕೆ ಹಾಕುವ ಇನ್‌ಪುಟ್ ಸರಿ ಇರಬೇಕಲ್ಲ? ಕಂಪನಿಯ ಲಾಭ ಎಷ್ಟು, ಸಾಲ ಎಷ್ಟು ಅಂತ ಗೊತ್ತಿಲ್ಲದವನು ಯಾವ ಬೆಲೆಗೆ ಆರ್ಡರ್ ಕೊಡ್ತಾನೆ? ದಶಕಗಟ್ಟಲೆ ಪಕ್ಷದ ಪತ್ರಿಕೆಯಲ್ಲಿ ‘ಉತ್ಪಾದನಾ ಗುರಿ ಸಾಧನೆ’ ಓದಿಕೊಂಡಿದ್ದ ದೇಶಕ್ಕೆ ಬ್ಯಾಲೆನ್ಸ್ ಶೀಟು ಓದುವ ಅಭ್ಯಾಸ ಎಲ್ಲಿಂದ ಬರಬೇಕು?

ಅದನ್ನು ಕಲಿಸಿದ ಮೊದಲ ದುಬಾರಿ ಪಾಠದ ಹೆಸರು ಬ್ಯಾಂಕ್ ಶ್ಲೋಂಸ್ಕಿ. ಸರ್ಕಾರ ಈ ಬ್ಯಾಂಕಿನ ಷೇರನ್ನು ತಲಾ 5 ಲಕ್ಷ ಹಳೇ ಜ್ಲೋಟಿಗೆ ಸಾರ್ವಜನಿಕರಿಗೆ ಮಾರಿತು. ಜನ ಸಾಲುಗಟ್ಟಿ ನಿಂತು ಕೊಂಡರು. 1994ರ ಜನವರಿ 25ರಂದು ಪೇಟೆಯಲ್ಲಿ ಮೊದಲ ಬೆಲೆ ಬಿತ್ತು: 67.5 ಲಕ್ಷ. ಹದಿಮೂರೂವರೆ ಪಟ್ಟು! ಆದರೆ ಷೇರು ಖಾತೆಗೆ ದಾಖಲಾಗದೆ ಮಾರಲು ಆಗಿದ್ದು ಕೆಲವರಿಗೆ ಮಾತ್ರ. ಉಳಿದವರು ಇನ್ನೂ ಕ್ಯೂನಲ್ಲೇ ಇದ್ದರು. ಗಲಾಟೆ ಎಷ್ಟು ಜೋರಾಯಿತೆಂದರೆ ಹಣಕಾಸು ಉಪಸಚಿವರ ತಲೆದಂಡವಾಯಿತು, ಹಿಂದೆಯೇ ಹಣಕಾಸು ಸಚಿವ ಬೊರೊವ್‌ಸ್ಕಿ ರಾಜೀನಾಮೆ ಕೊಟ್ಟರು. ಸಾವಿರದಿಂದ ಶುರುವಾಗಿದ್ದ ‘ವಿಗ್’ ಸೂಚ್ಯಂಕ ಮಾರ್ಚ್ 8ಕ್ಕೆ 20,760 ಮುಟ್ಟಿತು. ಆಮೇಲೆ? ಒಂದು ವರ್ಷದಲ್ಲಿ ಆರು ಸಾವಿರದ ಕೆಳಗೆ. ಹೊಲ, ಕಾರು ಮಾರಿ ದುಡ್ಡು ಹಾಕಿದವರ ಕಥೆ ನೀವೇ ಊಹಿಸಿಕೊಳ್ಳಿ.

ಇದೇ 1994ರಲ್ಲಿ ಹುಟ್ಟಿದ್ದು ‘ಪಾರ್ಕಿಯೆಟ್’ ಎಂಬ ದಿನಪತ್ರಿಕೆ. ಪೋಲಿಷ್ ಭಾಷೆಯಲ್ಲಿ ಈ ಪದದ ಅರ್ಥ ಮರದ ಹಲಗೆ ಹಾಸಿದ ನೆಲ. ಷೇರುಪೇಟೆಯ ವಹಿವಾಟಿನ ಅಂಗಳಕ್ಕೂ ಅದೇ ಹೆಸರು. ರಾಜಕೀಯ ಅಲ್ಲ, ಸಿನಿಮಾ ಅಲ್ಲ, ಬರೀ ಷೇರು, ಕಂಪನಿ, ಬಾಂಡು. ಅದೇ ವರ್ಷ ಅಕ್ಟೋಬರ್‌ನಿಂದ ಪೇಟೆಯೂ ವಾರಕ್ಕೆ ಐದು ದಿನ ತೆರೆಯತೊಡಗಿತು. ಇಂಟರ್‌ನೆಟ್ ಮನೆಗೆ ಬರದ ಕಾಲ. ಕ್ರಾಕುವಿನಲ್ಲೋ ಲುಬ್ಲಿನ್‌ನಲ್ಲೋ ಕೂತ ಮೇಷ್ಟ್ರಿಗೆ ನಿನ್ನೆಯ ಬೆಲೆ, ಕಂಪನಿಯ ತ್ರೈಮಾಸಿಕ ಫಲಿತಾಂಶ ಬ್ರೋಕರ್‌ನ ಬಾಯಿಂದಲ್ಲದೆ ಅಚ್ಚಿನಲ್ಲಿ ಸಿಗುವುದು ಸಣ್ಣ ಮಾತಲ್ಲ. ಒಳಗಿನವನಿಗೆ ಗೊತ್ತಿರುವುದು ಹೊರಗಿನವನಿಗೂ ಗೊತ್ತಾದರೆ ಮಾತ್ರ ಅದು ಪೇಟೆ, ಇಲ್ಲದಿದ್ದರೆ ಇಸ್ಪೀಟು. ನಮ್ಮಲ್ಲೂ 1992ರ ಏಪ್ರಿಲ್‌ನಲ್ಲಿ ಹರ್ಷದ್ ಮೆಹ್ತಾ ಆಟವನ್ನು ಬಯಲಿಗೆಳೆದದ್ದು ಒಂದು ಪತ್ರಿಕಾ ವರದಿಯೇ ತಾನೇ?

ಪತ್ರಿಕೆ ಇನ್ನೂ ಇದೆ. ‘ಜೆಚ್‌ಪೊಸ್ಪೊಲಿತಾ’ ಪತ್ರಿಕೆಯ ಪ್ರಕಾಶಕರೇ ಈಗ ಅದರ ಒಡೆಯರು. ಪ್ರತಿ ವರ್ಷ ‘ಗೂಳಿ ಮತ್ತು ಕರಡಿ’ ಹೆಸರಿನ ಪ್ರಶಸ್ತಿಯನ್ನೂ ಕೊಡುತ್ತದೆ. ಪಕ್ಷದ ಕಟ್ಟಡದಲ್ಲಿದ್ದ ಷೇರುಪೇಟೆ 2000ದಲ್ಲಿ ಸ್ವಂತ ಗಾಜಿನ ಕಟ್ಟಡಕ್ಕೆ ಹೋಯಿತು. ಅಂದಹಾಗೆ, ಆ ಕೋಟಿನ ಕಂಪನಿ ಪ್ರುಖ್ನಿಕ್‌ನ ಊರು ವೂಚ್. 2007ರಲ್ಲಿ ನಮ್ಮ ಇನ್ಫೋಸಿಸ್ ಅದೇ ಊರಿನಲ್ಲಿ ಫಿಲಿಪ್ಸ್‌ನ ಬಿಪಿಒ ಕೇಂದ್ರ ಕೊಂಡು ಕಾಲೂರಿತು. ಗಿರಣಿಗಳ ಊರಿನ ಹುಡುಗರು ಬೆಂಗಳೂರಿನ ಕಂಪನಿಯ ಬ್ಯಾಡ್ಜ್ ಹಾಕಿಕೊಂಡರು.

ಹಾಗಂತ ಪತ್ರಿಕೆ ಇದ್ದ ಮಾತ್ರಕ್ಕೆ ಮೋಸ ನಿಂತುಬಿಡ್ತಾ? ಇಲ್ಲ. ಸಾಲ ವಸೂಲಿ ಕಂಪನಿ ‘ಗೆಟ್‌ಬ್ಯಾಕ್’ 9 ಸಾವಿರಕ್ಕೂ ಹೆಚ್ಚು ಜನರಿಗೆ ಬಾಂಡ್ ಮಾರಿತ್ತು, ಹೆಚ್ಚಿನವರು ಬ್ಯಾಂಕ್ ಸಿಬ್ಬಂದಿಯ ಮಾತು ಕೇಳಿ ಕೊಂಡ ಸಾಮಾನ್ಯರು. ದುಡ್ಡು ಬತ್ತಿದಾಗ ಅದು ಒಂದು ಅಧಿಕೃತ ಪ್ರಕಟಣೆ ಹೊರಡಿಸಿತು: ದೇಶದ ಅತಿ ದೊಡ್ಡ ಬ್ಯಾಂಕ್ ಮತ್ತು ಸರ್ಕಾರಿ ಅಭಿವೃದ್ಧಿ ನಿಧಿಯ ಜತೆ 25 ಕೋಟಿ ಜ್ಲೋಟಿವರೆಗಿನ ನೆರವಿಗೆ ಮಾತುಕತೆ ನಡೀತಿದೆ ಅಂತ. ಅದೇ ದಿನ ಇಬ್ಬರೂ ‘ಅಂಥ ಮಾತುಕತೆಯೇ ಇಲ್ಲ’ ಅಂದರು. ಷೇರಿನ ವಹಿವಾಟು ಸ್ಥಗಿತವಾಯಿತು. ಅವತ್ತಿನ ತಾರೀಖು 2018ರ ಏಪ್ರಿಲ್ 16. ಕೆಂಪು ಸಸ್ಪೆಂಡರ್‌ನವರು ಮೊದಲ ಬಾರಿ ಬೆಲೆ ಹುಡುಕಿ ಅವತ್ತಿಗೆ ಸರಿಯಾಗಿ 27 ವರ್ಷ.