ಒತ್ತಡದಲ್ಲಿರುವ ಪೋಷಕರು ಹಾಗೂ ಕುಟುಂಬಗಳಿಗೆ ದೂರವಾಣಿ ಮತ್ತು ವಿಡಿಯೋ ಮೂಲಕ ಆಪ್ತಸಮಾಲೋಚನೆ: ಸಾರ್ವಜನಿಕರಿಗೆ ಮಾಹಿತಿ

ಮನೆಯ ಒಬ್ಬರಿಗೆ ಮಾನಸಿಕ ತೊಂದರೆ ಉಂಟಾದಾಗ ಅದರ ಭಾರವನ್ನು ಉಳಿದವರೂ ಹೊರುತ್ತಾರೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಕೋಣೆಯ ಬಾಗಿಲು ಹಾಕಿಕೊಂಡ ಮಗ, ಮಾತು ಬಾರದ ಮೂರು ವರ್ಷದ ಮಗು, ಮರೆವಿನ ಕಾಯಿಲೆಯಿಂದ ರಾತ್ರಿಯೆಲ್ಲಾ ಎದ್ದು ಓಡಾಡುವ ಅತ್ತೆ, ಕುಡಿತ ಬಿಡಲಾರದ ಯಜಮಾನ ಇರುವ ಮನೆಗಳಲ್ಲಿ ಆರೈಕೆ ಮಾಡುವವರು ತಮ್ಮ ನಿದ್ರೆ ಕೆಟ್ಟಿರುವುದನ್ನಾಗಲಿ, ಕಾರಣವಿಲ್ಲದೆ ಮಕ್ಕಳ ಮೇಲೆ ಸಿಡುಕುತ್ತಿರುವುದನ್ನಾಗಲಿ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ಕಾರದ ಸಹಾಯವಾಣಿ ರೋಗಿಗಳಿಗೆ ಮಾತ್ರ ಮೀಸಲು ಎಂಬ ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ವಾಸ್ತವವಾಗಿ ರೋಗಿಯ ತಾಯಿ, ತಂದೆ, ಪತಿ, ಪತ್ನಿ, ಒಡಹುಟ್ಟಿದವರು ತಮ್ಮ ಸಲುವಾಗಿಯೇ ಈ ಸೇವೆಯನ್ನು ಪಡೆಯಬಹುದು. ರೋಗವಿದೆ ಎಂದು ವೈದ್ಯರು ದೃಢಪಡಿಸಿರಬೇಕು ಎಂಬ ನಿಯಮವಿಲ್ಲ.

ಟೆಲಿ ಮನಸ್ ಸೇವೆ

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮನಸ್ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ರಾಷ್ಟ್ರೀಯ ಉನ್ನತ ಕೇಂದ್ರವಾಗಿದೆ. ದಿನದ 24 ಗಂಟೆಯೂ 14416 ಅಥವಾ 1800-891-4416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಅರ್ಜಿ ನಮೂನೆ, ಶುಲ್ಕ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಯಾವುದೂ ಬೇಕಾಗಿಲ್ಲ.

ಕರೆ ಸ್ವೀಕೃತವಾದ ಕೂಡಲೇ ಭಾಷೆಯನ್ನು ಆಯ್ಕೆ ಮಾಡುವಂತೆ ಧ್ವನಿಮುದ್ರಿತ ಸೂಚನೆ ಬರುತ್ತದೆ. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಸೇವೆ ಲಭ್ಯವಿದೆ. ಹೊರರಾಜ್ಯದಲ್ಲಿ ದುಡಿಯುತ್ತಿರುವ ಕನ್ನಡಿಗರೂ ಕನ್ನಡವನ್ನು ಆಯ್ಕೆ ಮಾಡಿಕೊಳ್ಳಬಹುದು. ಮೊದಲ ಹಂತದಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ವಿಷಯ ಗಂಭೀರವೆಂದು ಕಂಡುಬಂದಲ್ಲಿ ಮನೋವೈದ್ಯರು, ಚಿಕಿತ್ಸಾ ಮನಃಶಾಸ್ತ್ರಜ್ಞರು ಅಥವಾ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಂತಹ ತಜ್ಞರಿಗೆ ಕರೆಯನ್ನು ವರ್ಗಾಯಿಸಲಾಗುತ್ತದೆ. ಪ್ರತ್ಯಕ್ಷ ತಪಾಸಣೆ ಅಗತ್ಯವಿದ್ದವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿಗೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. 2024ರ ಅಕ್ಟೋಬರ್ 10ರಂದು ಈ ಸೇವೆಯ ಮೊಬೈಲ್ ಆ್ಯಪ್ ಬಿಡುಗಡೆಯಾಯಿತು. ವಿಡಿಯೋ ಸಮಾಲೋಚನೆಯನ್ನು ಮೊದಲಿಗೆ ಕರ್ನಾಟಕ, ತಮಿಳುನಾಡು ಹಾಗೂ ಜಮ್ಮು ಮತ್ತು ಕಾಶ್ಮೀರಗಳಲ್ಲಿ ಆರಂಭಿಸಲಾಯಿತು.

ಸಮಾಲೋಚನೆಯಲ್ಲಿ ಏನು ನಡೆಯುತ್ತದೆ

"ಮಗನಿಗೆ ಬುದ್ಧಿ ಹೇಳಿ" ಎಂದು ಕೇಳಿಕೊಂಡು ಕರೆ ಮಾಡುವ ಪೋಷಕರು ಅನೇಕರಿದ್ದಾರೆ. ಆದರೆ ಸಮಾಲೋಚಕರು ಬುದ್ಧಿವಾದ ಹೇಳುವವರಲ್ಲ, ಮಗನನ್ನು ಒತ್ತಾಯದಿಂದ ದೂರವಾಣಿಯ ಮುಂದೆ ಕೂರಿಸುವುದರಿಂದ ಪ್ರಯೋಜನವೂ ಇಲ್ಲ. ಅವರು ಮೊದಲು ಕರೆ ಮಾಡಿದವರ ಸ್ಥಿತಿಯನ್ನೇ ವಿಚಾರಿಸುತ್ತಾರೆ. ನಿದ್ರೆ ಎಷ್ಟು, ಊಟ ಹೇಗಿದೆ, ಮನೆಯಲ್ಲಿ ನೆರವಿಗೆ ಯಾರಿದ್ದಾರೆ, ಸಾಯುವ ಆಲೋಚನೆ ಬಂದಿದೆಯೇ ಎಂಬ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಯ ಪ್ರಶ್ನೆಯಿಂದ ಗಾಬರಿಗೊಳ್ಳಬೇಕಾಗಿಲ್ಲ. ಹಾಗೆ ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಆ ನಂತರ ಮನೆಯ ಒಂದೆರಡು ಸಂಗತಿಗಳನ್ನು ಆರಿಸಿಕೊಂಡು ಬದಲಾವಣೆಗೆ ಪ್ರಯತ್ನಿಸಲು ಸಲಹೆ ನೀಡಲಾಗುತ್ತದೆ. ಉದಾಹರಣೆಗೆ, ಮಗು ಹಠ ಹಿಡಿದಾಗಲೆಲ್ಲ ಮೊಬೈಲ್ ಕೊಟ್ಟು ಸುಮ್ಮನಾಗಿಸುವ ಮನೆಯಲ್ಲಿ ಹಠವೇ ಫಲ ಕೊಡುವ ಉಪಾಯವೆಂದು ಮಗು ಕಲಿಯುತ್ತದೆ. ಹಠಕ್ಕೆ ಮಣಿಯದೆ, ಶಾಂತವಾಗಿ ಕೇಳಿದಾಗ ತಕ್ಷಣ ಗಮನ ಕೊಡುವುದನ್ನು ಪೋಷಕರು ಅಭ್ಯಾಸ ಮಾಡಬೇಕಾಗುತ್ತದೆ. ಮೊದಲ ಕೆಲವು ದಿನ ಹಠ ಹೆಚ್ಚಾಗುವುದು ಸಾಮಾನ್ಯ. ಈ ಮಾತನ್ನು ಮೊದಲೇ ತಿಳಿದಿರದ ಪೋಷಕರು ಸಲಹೆ ಫಲಿಸಲಿಲ್ಲವೆಂದು ಕೈಬಿಡುತ್ತಾರೆ. ಅಜ್ಜಿ ತಾತಂದಿರು ಮನೆಯಲ್ಲಿದ್ದರೆ ಅವರಿಗೂ ವಿಷಯ ತಿಳಿಸಿ ಒಪ್ಪಿಸುವುದು ಅಗತ್ಯ, ಏಕೆಂದರೆ ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಕೊಟ್ಟರೆ ಯಾವ ಸಲಹೆಯೂ ನಿಲ್ಲುವುದಿಲ್ಲ.

ಎಲ್ಲಿ ಕುಳಿತು ಮಾತನಾಡಬೇಕು

ಈ ಸೇವೆಗೆ ಅತಿ ದೊಡ್ಡ ಅಡಚಣೆ ತಂತ್ರಜ್ಞಾನದ್ದಲ್ಲ, ಮನೆಯ ಅಳತೆಯದು. ಎರಡು ಕೋಣೆಯ ಮನೆಯಲ್ಲಿ ಸೊಸೆಯು ಅತ್ತೆಗೆ ಕೇಳಿಸದಂತೆ ಮಾತನಾಡುವುದು ಕಷ್ಟ. ಮನೆಗೆಲ್ಲ ಒಂದೇ ಮೊಬೈಲ್ ಇದ್ದರೆ ಇನ್ನೂ ಕಷ್ಟ. ಮನೆಯವರು ಕೆಲಸಕ್ಕೆ ಹೋದ ಸಮಯ, ಮಾಳಿಗೆ, ಹಿತ್ತಲು, ಹೊಲದ ಬದು, ನಂಬಿಕಸ್ಥ ನೆರೆಯವರ ಮನೆ ಇವುಗಳನ್ನು ಬಳಸಿಕೊಳ್ಳಬಹುದು. ಇಯರ್‌ಫೋನ್ ಹಾಕಿಕೊಂಡರೆ ಕನಿಷ್ಠಪಕ್ಷ ಸಮಾಲೋಚಕರ ಮಾತು ಬೇರೆಯವರಿಗೆ ಕೇಳುವುದಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದರೆ ಆ ಸಂಗತಿಯನ್ನು ಆರಂಭದಲ್ಲಿಯೇ ತಿಳಿಸತಕ್ಕದ್ದು. ಆಗ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳುವಂತೆ ಸಮಾಲೋಚಕರನ್ನು ಕೋರಬಹುದು.

ಗೋಪ್ಯತೆ

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಪ್ರಕರಣವು ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ಹಕ್ಕೆಂದು ಪರಿಗಣಿಸುತ್ತದೆ. ಪ್ರಾಣಾಪಾಯದ ಸಂದರ್ಭ, ಇತರರಿಗೆ ಹಾನಿಯಾಗುವ ಸಂಭವ, ನ್ಯಾಯಾಲಯದ ಆದೇಶ ಮುಂತಾದ ಕೆಲವು ವಿನಾಯಿತಿಗಳಿವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಈ ವಿಷಯ ಪೋಷಕರಿಗೆ ಮೊದಲೇ ತಿಳಿದಿರುವುದು ಒಳಿತು.

ಮಿತಿಗಳು

2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅಪ್ರಾಪ್ತ ವಯಸ್ಕರು ವೈದ್ಯರೊಂದಿಗೆ ಸಮಾಲೋಚಿಸುವಾಗ ವಯಸ್ಕರೊಬ್ಬರು ಜೊತೆಯಲ್ಲಿರಬೇಕು ಮತ್ತು ಆ ವಯಸ್ಕರ ಗುರುತನ್ನು ಖಚಿತಪಡಿಸಿಕೊಳ್ಳಬೇಕು. ಷೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧಿಗಳನ್ನು ಈ ವಿಧಾನದಲ್ಲಿ ಬರೆದುಕೊಡುವಂತಿಲ್ಲ. ಮಾತು ಕಲಿಯದ ಅಥವಾ ಬೆಳವಣಿಗೆ ಕುಂಠಿತವಾದ ಮಗುವನ್ನು ವೈದ್ಯರು ಪ್ರತ್ಯಕ್ಷವಾಗಿ ನೋಡಲೇಬೇಕು; ಪರದೆಯ ಮೇಲೆ ನೋಡಿ ತೀರ್ಮಾನಿಸುವುದು ಸಾಲದು. ಪೋಷಕರಿಗೆ ತರಬೇತಿ ಮತ್ತು ಧೈರ್ಯ ನೀಡುವ ಕೆಲಸಕ್ಕೆ ಮಾತ್ರ ದೂರದ ಸಮಾಲೋಚನೆ ತಕ್ಕದ್ದು.

ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ ಪತಿ ಪತ್ನಿಯರನ್ನು ಒಟ್ಟಿಗೆ ಕೂರಿಸುವ ಸಮಾಲೋಚನೆ ಸುರಕ್ಷಿತವಲ್ಲ. ಪತಿಯ ಎದುರು ಹೇಳಿದ ಮಾತಿಗೆ ಪತ್ನಿ ನಂತರ ಬೆಲೆ ತೆರಬೇಕಾಗಬಹುದು. ಅಂತಹವರು ಒಬ್ಬರೇ ಇದ್ದಾಗ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಮಕ್ಕಳ ವಿಷಯದಲ್ಲಿ 1098 ಸಂಖ್ಯೆ ಇದೆ. ಯಾರಾದರೂ ವಿಷ ಸೇವಿಸಿದ್ದರೆ ಅಥವಾ ಪ್ರಾಣಕ್ಕೆ ಅಪಾಯವಿದ್ದರೆ ಸಮಾಲೋಚನೆಗಾಗಿ ಕಾಯದೆ 108 ಅಥವಾ 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮೇಲ್ಕಂಡ 2017ರ ಕಾಯ್ದೆಯ 115ನೇ ಪ್ರಕರಣ ಭಾವಿಸುತ್ತದೆ. ಪೊಲೀಸ್ ಮೊಕದ್ದಮೆಯ ಭಯದಿಂದ ಆಸ್ಪತ್ರೆಗೆ ಹೋಗಲು ತಡ ಮಾಡಬಾರದು.

ಖಾಸಗಿ ಸಮಾಲೋಚಕರು

ಹಣ ಪಡೆದು ಅಂತರ್ಜಾಲದಲ್ಲಿ ಸಮಾಲೋಚನೆ ನೀಡುವವರಲ್ಲಿ ಅರ್ಹರೂ ಇದ್ದಾರೆ, ಕೆಲವು ದಿನಗಳ ತರಬೇತಿಯ ಪ್ರಮಾಣಪತ್ರ ತೋರಿಸುವವರೂ ಇದ್ದಾರೆ. ಮನೋವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ, ಚಿಕಿತ್ಸಾ ಮನಃಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಈ ಸಂಖ್ಯೆಯನ್ನು ಕೇಳುವುದು ಅಗೌರವವಲ್ಲ. ಕೇಳಿದ್ದಕ್ಕೆ ಸಿಟ್ಟಾಗುವವರಿಂದ ದೂರವಿರುವುದೇ ಲೇಸು. ಸರ್ಕಾರದ ಸೇವೆಯ ಹೆಸರಿನಲ್ಲಿ ಕರೆ ಮಾಡಿ ಬ್ಯಾಂಕ್ ವಿವರ ಅಥವಾ ಓಟಿಪಿ ಕೇಳುವವರು ವಂಚಕರೆಂದು ತಿಳಿಯತಕ್ಕದ್ದು. ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ದೂರು ನೀಡಬಹುದು.